ಮೇಜು ಏಳುತ್ತದೆ, ನಾವು ಏಳುವುದಿಲ್ಲ

ಕೂತೂ ನಿಂತೂ ಕೆಲಸ ಮಾಡಲು, ಬಟನ್ ಒತ್ತಿದರೆ ಏರಿಳಿಯುವ ಆಫೀಸ್ ಮೇಜುಗಳ ಮಾತು ಬಂದಾಗ ಹೋದ ತಿಂಗಳು ಇಲ್ಲಿ ಒಂದು ಸಾಲು ಬರೆದಿದ್ದೆ: "ಮೇಜು ಕೊಡಿಸುವವರು ಅದನ್ನು ಬಳಸುವುದು ಹೇಗೆ ಅಂತ ಮಾತ್ರ ಹೇಳಿಕೊಡುವುದಿಲ್ಲ." ಆ ಒಂದು ಸಾಲಿಗೆ ಪತ್ರಗಳ ರಾಶಿಯೇ ಬಂದಿದೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಹೊಸ ಓದುಗರಿಗೆ ಹೇಳಿಬಿಡುತ್ತೇನೆ, ನಾನು ಫಿಸಿಯೋಥೆರಪಿಸ್ಟ್. ಬೆಳಿಗ್ಗೆ ಜಯನಗರದಲ್ಲಿ ಕ್ಲಿನಿಕ್. ಮಧ್ಯಾಹ್ನದ ಮೇಲೆ ಆಫೀಸುಗಳಿಗೆ ಹೋಗಿ ಕೂರುವುದು, ನಿಲ್ಲುವುದು ಹೇಳಿಕೊಡುವ ಕೆಲಸ. "ಕೂರೋದಕ್ಕೂ ಟ್ಯೂಷನ್ನಾ?" ಎಂದು ನಮ್ಮತ್ತೆ ಇವತ್ತಿಗೂ ನಗುತ್ತಾರೆ. ಒಂದೊಂದೇ ಪತ್ರ, ಅದರ ಕೆಳಗೆ ನನ್ನ ಉತ್ತರ. ಮೊದಲ ಪತ್ರ ಇದು.

ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಅಡ್ಮಿನ್ ನೋಡಿಕೊಳ್ಳುತ್ತೇನೆ. ಹೋದ ವರ್ಷ ಇಡೀ ಒಂದು ಫ್ಲೋರಿಗೆ ಸಿಟ್-ಸ್ಟ್ಯಾಂಡ್ ಮೇಜು ಹಾಕಿಸಿದೆವು. ಮೊದಲ ವಾರ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡರು. ಈಗ ನಿಂತು ಕೆಲಸ ಮಾಡುವವರು ಮೂರೋ ನಾಲ್ಕೋ ಜನ. "ದುಡ್ಡೆಲ್ಲ ದಂಡ" ಎಂದು ಮೇಲಿನವರು ನನ್ನನ್ನೇ ಅನ್ನುತ್ತಿದ್ದಾರೆ. ಟ್ರೈನಿಂಗ್ ಅಂತ ಎಲ್ಲರಿಗೂ ಒಂದು ಪಿಡಿಎಫ್ ಕಳಿಸಿದ್ದೆವು. ಈಗ ಏನು ಮಾಡಲಿ ಮೇಡಂ? (ಹೆಸರು ಬೇಡ, ಬೆಂಗಳೂರು)

ಆ ಪಿಡಿಎಫ್ ತೆರೆದವರು ಬಹುಶಃ ನೀವೊಬ್ಬರೇ.

ನಿಮ್ಮ ದುಡ್ಡು ದಂಡ ಆಗಿಲ್ಲ. ಅರ್ಧ ಕೆಲಸ ಆಗಿದೆ, ಇನ್ನರ್ಧ ಬಾಕಿ ಇದೆ. ಇದು ನನ್ನ ಸಮಾಧಾನದ ಮಾತಲ್ಲ. ಅಮೆರಿಕದ ಲಿಬರ್ಟಿ ಮ್ಯೂಚುಯಲ್ ಸಂಶೋಧನಾ ಸಂಸ್ಥೆಯವರು 2013ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 22 ಜನ, ಎರಡು ಗುಂಪು, ಎರಡಕ್ಕೂ ಒಂದೇ ಥರದ ಏರಿಳಿಯುವ ಮೇಜು. ಒಂದು ಗುಂಪಿಗೆ ಮೇಜು, ಕುರ್ಚಿ, ಪರದೆ ಹೊಂದಿಸಿಕೊಳ್ಳುವುದನ್ನು ಕೂರಿಸಿ ಕಲಿಸಿದರು. ಇನ್ನೊಂದಕ್ಕೆ ಹೆಸರಿಗೆ ಮಾತ್ರ ನಾಲ್ಕು ಮಾತು. 15 ದಿನ ಕೆಲಸ ಮಾಡಿಸಿ ನೋಡಿದರೆ, ಕಲಿತವರಲ್ಲಿ ಮೈಕೈ ನೋವು, ಕಣ್ಣಿನ ತೊಂದರೆ ಎರಡೂ ಕಮ್ಮಿ. ಕಲಿಯದವರು ತಾವಾಗಿ ಎದ್ದು ನಿಂತದ್ದೇ ಅಪರೂಪ. ಸಣ್ಣ ಪ್ರಯೋಗ, ಒಪ್ಪುತ್ತೇನೆ. ಆದರೆ ನಿಮ್ಮ ಫ್ಲೋರಿನಲ್ಲಿ ಆಗಿರುವುದೂ ಅದೇ ಅಲ್ವಾ?

ಹಾಗಂತ ಮೇಜು ಬೇಡ, ಬರೀ ಮಾತು ಸಾಕು ಅನ್ನುವ ಹಾಗೂ ಇಲ್ಲ. ಇಂಗ್ಲೆಂಡಿನ ಲೆಸ್ಟರ್, ಲಿವರ್‌ಪೂಲ್, ಗ್ರೇಟರ್ ಮ್ಯಾಂಚೆಸ್ಟರ್ ಕಡೆಯ ಸ್ಥಳೀಯ ಆಡಳಿತ ಕಚೇರಿಗಳ 756 ನೌಕರರ ಮೇಲೆ ನಡೆದ ದೊಡ್ಡ ಅಧ್ಯಯನ 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಕೆಲವರಿಗೆ ತಿಳಿವಳಿಕೆ, ಪ್ರೋತ್ಸಾಹ ಮಾತ್ರ. ಕೆಲವರಿಗೆ ಅದರ ಜೊತೆಗೆ ಮೇಜು. ಇನ್ನು ಕೆಲವರಿಗೆ ಎರಡೂ ಇಲ್ಲ. ಒಂದು ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ, ಏನೂ ಸಿಗದವರಿಗಿಂತ ಬರೀ ಮಾತು ಕೇಳಿದವರು ದಿನಕ್ಕೆ ಸುಮಾರು 22 ನಿಮಿಷ ಕಮ್ಮಿ ಕೂತರು. ಮೇಜೂ ಸಿಕ್ಕವರು ಸುಮಾರು 64 ನಿಮಿಷ ಕಮ್ಮಿ ಕೂತರು. ಈ ಅಂಕಿಯನ್ನು ಒಂದು ಸ್ಲೈಡಿನಲ್ಲಿ ಹಾಕಿ ಮೇಲಿನವರಿಗೆ ತೋರಿಸಿ, ಸದ್ಯಕ್ಕೆ ಸುಮ್ಮನಾಗುತ್ತಾರೆ.

ಈಗ ಕೆಲಸಕ್ಕೆ ಬನ್ನಿ. ಜನರನ್ನು ಕರೆಯುವ ಮುಂಚೆ ಮೇಜುಗಳನ್ನು ನೋಡಿ. ಐಟಿಯ ಹುಡುಗ ಒಬ್ಬನನ್ನು, ಎಲೆಕ್ಟ್ರಿಷಿಯನ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಒಂದು ಸುತ್ತು ಹಾಕಿ. ಪ್ರತಿ ಮೇಜನ್ನೂ ಪೂರ್ತಿ ಮೇಲೆ ಎತ್ತಿ, ಪೂರ್ತಿ ಕೆಳಗೆ ಇಳಿಸಿ. ಹತ್ತರಲ್ಲಿ ನಾಲ್ಕು ಮೇಜು ನಿಮ್ಮ ಕಣ್ಣೆದುರೇ ಕೈಕೊಡದಿದ್ದರೆ ನನ್ನನ್ನು ಕೇಳಿ. ಮಾನಿಟರಿನದ್ದೋ ಕಂಪ್ಯೂಟರಿನದ್ದೋ ವೈರು ಗಿಡ್ಡ ಇರುತ್ತದೆ, ಮೇಜು ಏರಿದಾಗ ಎಳೆದುಕೊಂಡು ಪರದೆಯೋ ಕಂಪ್ಯೂಟರೋ ಆಫ್ ಆಗುತ್ತದೆ. ಒಂದು ಸಲ ಸೇವ್ ಮಾಡದ ಕೆಲಸ ಹೋದರೆ ಆ ಮನುಷ್ಯ ಜನ್ಮದಲ್ಲಿ ಮತ್ತೆ ಆ ಬಟನ್ ಮುಟ್ಟುವುದಿಲ್ಲ. ಕೆಳಗೆ ಇಳಿಯುವಾಗ ಡ್ರಾಯರ್ ಪೆಟ್ಟಿಗೆಗೋ ಕುರ್ಚಿಯ ಕೈಗೋ ತಗಲಿ ಮೇಜು ತಾನೇ ಹಿಂದಕ್ಕೆ ಏರುತ್ತದೆ. ಅದು ಕೆಟ್ಟಿರುವುದಲ್ಲ, ಏನಾದರೂ ಅಡ್ಡ ಬಂದರೆ ಹಾಗೆ ಮಾಡಲಿ ಅಂತಲೇ ಇಟ್ಟಿರುವ ಏರ್ಪಾಡು. ಇದು ಗೊತ್ತಿಲ್ಲದೆ "ಮೋಟಾರ್ ಹೋಗಿದೆ" ಎಂದು ಬಿಟ್ಟವರನ್ನು ಬೇಕಾದಷ್ಟು ಜನ ನೋಡಿದ್ದೇನೆ. ಇನ್ನು ಕೆಲವದರಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಎತ್ತರ ತೋರಿಸುವ ಅಂಕಿಯ ಬದಲು ಇಂಗ್ಲಿಷಿನ ಅಕ್ಷರಗಳು ಮಿನುಗುತ್ತಿರುತ್ತವೆ. ಬಹಳಷ್ಟು ಮೇಜುಗಳಲ್ಲಿ ಕೆಳಗಿನ ಬಾಣವನ್ನು ಒತ್ತಿ ಹಿಡಿದುಕೊಂಡರೆ, ಮೇಜು ತಳದವರೆಗೆ ಇಳಿದು ಸರಿಹೋಗುತ್ತದೆ.

ಇದಾದ ಮೇಲೆ ಕಲಿಸುವುದು. ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ, ಕೂರಬೇಡಿ ಎಂದು ಒಂದು ಗಂಟೆ ಭಾಷಣ ಮಾಡುವುದಿದೆಯಲ್ಲ, ಅದು ಬೇಡ. ಹದಿನೈದು ನಿಮಿಷ ಸಾಕು. ಉಳಿದದ್ದು ಅವರವರ ಮೇಜಿನ ಹತ್ತಿರವೇ ನಡೆಯಬೇಕು. ನಾನು ಮಾಡುವುದು ಇಷ್ಟು. ಅವರು ದಿನಾ ಹಾಕುವ ಚಪ್ಪಲಿಯೋ ಶೂಸೋ ಹಾಕಿಕೊಂಡೇ ಎದ್ದು ನಿಲ್ಲಲಿ. ಎರಡೂ ಕೈ ಸುಮ್ನೆ ಜೋತು ಬಿಡಲಿ, ಉಸಿರು ಬಿಡಲಿ, ಭುಜ ಇಳಿಯಲಿ. ಆಮೇಲೆ ಮೊಣಕೈ ಮಡಿಸಲಿ. ಆ ಮೊಣಕೈ ಇರುವಷ್ಟೇ ಎತ್ತರಕ್ಕೆ ಅಥವಾ ಒಂದು ಬೆರಳು ಕೆಳಗೆ ಕೀಬೋರ್ಡ್ ಬರುವ ಹಾಗೆ ಮೇಜು ಏರಿಸುವುದು. ಟೈಪ್ ಮಾಡಿಸಿ ನೋಡುವುದು. ಮಣಿಕಟ್ಟು ಮೇಲಕ್ಕೆ ಬಾಗಿದರೆ ಇನ್ನೊಂದು ಚೂರು ಇಳಿಸಿ. ಸರಿ ಅನಿಸಿದ ಮೇಲೆ ಆ ಅಂಕಿಯನ್ನು ಮೇಜಿನ ಮೆಮೊರಿಗೆ ಹಾಕುವುದು. ಹಾಕುವವರು ನಾನಲ್ಲ, ಅವರೇ ಹಾಕಬೇಕು, ಅದೂ ಎರಡು ಸಲ. ಕೂರುವ ಎತ್ತರಕ್ಕೂ ಹೀಗೇ. ಇವತ್ತು ಒಂದು ಕಡೆ, ನಾಳೆ ಒಂದು ಕಡೆ ಕೂರುವ ಆಫೀಸಾದರೆ ಮೆಮೊರಿಯಿಂದ ಪ್ರಯೋಜನ ಇಲ್ಲ, ಅಲ್ಲಿ ಇನ್ನೊಬ್ಬರ ಅಳತೆ ಇರುತ್ತದೆ. ಅಂಥ ಕಡೆ ಒಂದು ಸಣ್ಣ ಸ್ಟಿಕರ್ ಮೇಲೆ ಎರಡು ಅಂಕಿ ಬರೆಸಿ, ಐಡಿ ಕಾರ್ಡಿನ ಹಿಂದೆ ಅಂಟಿಸಿಕೊಳ್ಳಲು ಹೇಳುತ್ತೇನೆ. "64 – 99" ಅಂತ, ಅಂದರೆ ಕೂರಲು 64, ನಿಲ್ಲಲು 99 ಸೆಂಟಿಮೀಟರ್. ಕತ್ತಿನಲ್ಲೇ ನೇತಾಡುತ್ತಿರುತ್ತದೆ, ಕಳೆಯುವುದಿಲ್ಲ.

ಇನ್ನು ಯಾವಾಗ ನಿಲ್ಲಬೇಕು ಅನ್ನುವುದು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ ಅಂದರೆ ಮೂರು ದಿನ ಕೇಳುತ್ತಾರೆ, ನಾಲ್ಕನೇ ದಿನ ಅಲಾರಂ ಆಫ್. ಅದರ ಬದಲು ಹೇಗೂ ನಡೆಯುವ ಯಾವುದಾದರೂ ಕೆಲಸಕ್ಕೆ ಜೋಡಿಸಿ. ಫೋನ್ ಬಂದರೆ ಎದ್ದೇಳು. ಕಾಫಿ ಮುಗಿಸಿ ಬಂದ ಮೇಲೆ ಮೊದಲ ಹದಿನೈದು ನಿಮಿಷ ನಿಂತೇ ಇರು. ಮೇಲ್ ಓದುವುದು, ಮೀಟಿಂಗ್ ಕಾಲ್, ಇನ್ನೊಬ್ಬರ ಕೆಲಸ ತಿದ್ದುವುದು, ಇವೆಲ್ಲ ನಿಂತು ಸಲೀಸು. ತಲೆ ತಗ್ಗಿಸಿ ಕೋಡ್ ಬರೆಯುವುದು, ದೊಡ್ಡ ಎಕ್ಸೆಲ್ ಶೀಟು ತುಂಬುವುದು ಬಹಳ ಜನಕ್ಕೆ ಕೂತೇ ಚೆಂದ. ಅವರನ್ನು ಬಲವಂತ ಮಾಡಬೇಡಿ. ಮೊದಲ ವಾರ ಗಂಟೆಗೆ ಐದು-ಹತ್ತು ನಿಮಿಷ ನಿಂತರೆ ಸಾಕು.

ಮೂರು-ನಾಲ್ಕು ವಾರ ಬಿಟ್ಟು ಮತ್ತೆ ಒಂದು ಸುತ್ತು ಹಾಕಿ. ತರಬೇತಿಯಲ್ಲಿ ಎಲ್ಲರೂ ಬಿಟ್ಟುಬಿಡುವ ಭಾಗ ಇದೇ, ನನ್ನ ಪ್ರಕಾರ ಮುಖ್ಯವಾದದ್ದೂ ಇದೇ. ಮೊದಲ ದಿನ ಯಾರಿಗೂ ಪ್ರಶ್ನೆ ಇರುವುದಿಲ್ಲ. ಪ್ರಶ್ನೆ ಹುಟ್ಟುವುದೇ ಬಳಸಲು ಶುರುಮಾಡಿದ ಮೇಲೆ.

ನಿಂತು ಕೆಲಸ ಮಾಡಲು ನನಗೆ ಇಷ್ಟ. ಆದರೆ ನಿಂತರೆ ಇಡೀ ಫ್ಲೋರಿಗೆ ನಾನೊಬ್ಬಳೇ ಕಾಣುತ್ತೇನೆ. "ಏನ್ ಮೇಡಂ, ಬಸ್ಸಿಗೆ ಕಾಯ್ತಿದೀರಾ?" ಅಂತ ತಮಾಷೆ ಬೇರೆ. ಮುಜುಗರ ಆಗಿ ಕೂತುಬಿಡುತ್ತೇನೆ. (ಓದುಗಿ, ಮೈಸೂರು)

ತಮಾಷೆ ಮಾಡುವವರ ಕೈಗೇ ಬಟನ್ ಕೊಟ್ಟು ಒಂದು ಸಲ ನಿಲ್ಲಿಸಿಬಿಡಿ, ಅವರ ಬಾಯಿ ಮುಚ್ಚುತ್ತದೆ.

ಆದರೆ ನಿಜವಾದ ಮದ್ದು ನಿಮ್ಮ ಕೈಯಲ್ಲಿಲ್ಲ, ನಿಮ್ಮ ಮ್ಯಾನೇಜರ್ ಕೈಯಲ್ಲಿದೆ. ನಮ್ಮ ಆಫೀಸುಗಳಲ್ಲಿ ಸಾಹೇಬರು ಬಂದಾಗ ಎದ್ದು ನಿಲ್ಲುವುದು ಅಭ್ಯಾಸ, ಸಾಹೇಬರೇ ನಿಂತಿದ್ದರೆ ಕೂತಿರುವುದು ಕಷ್ಟ. ಹಾಗಾಗಿ ಯಾವ ಕಂಪನಿಗೆ ಹೋದರೂ ನಾನು ಮೊದಲು ಟೀಮ್ ಲೀಡ್‌ಗಳಿಗೆ ಕಲಿಸುತ್ತೇನೆ, ಆಮೇಲೆ ಉಳಿದವರಿಗೆ. ದಿನಕ್ಕೊಂದು ಮೀಟಿಂಗನ್ನು ಅವರು ತಮ್ಮ ಮೇಜಿನ ಹತ್ತಿರ ನಿಂತು ಮಾಡಿದರೆ ಸಾಕು, ಮಿಕ್ಕವರ ಸಂಕೋಚ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಪಕ್ಕದವರೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಇಬ್ಬರು ನಿಂತರೆ ಯಾರೂ ನೋಡುವುದಿಲ್ಲ. ನಿಂತಾಗ ನಿಮ್ಮ ಪರದೆ ಅಕ್ಕಪಕ್ಕದವರಿಗೆಲ್ಲ ಕಾಣುತ್ತದೆ ಎಂಬ ಕಿರಿಕಿರಿ ಇದ್ದರೆ ಅದಕ್ಕೆ ಪ್ರೈವೆಸಿ ಫಿಲ್ಟರ್ ಅಂತ ಒಂದು ಹಾಳೆ ಸಿಗುತ್ತದೆ, ಆಫೀಸಿನವರನ್ನೇ ಕೇಳಿ. ಸಂಬಳದ ಫೈಲ್ ನೋಡುವ ಎಚ್.ಆರ್.ನವರು ನಿಲ್ಲದೇ ಇರುವುದಕ್ಕೆ ಕಾರಣವೇ ಇದು ಎಂದು ನನಗೆ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು.

ನನ್ನ ಎತ್ತರ 4 ಅಡಿ 11 ಇಂಚು. ಆಡಿಟ್ ಆಫೀಸಿನಲ್ಲಿ ಕೆಲಸ. ಹೊಸ ಮೇಜು ಬಂದ ಮೇಲೆ ನಿಂತರೂ ಭುಜ ನೋವು, ಕೂತರೂ ಭುಜ ನೋವು. ಹಳೇ ಮೇಜೇ ವಾಸಿ ಅನಿಸುತ್ತಿದೆ. ನಾನು ಕನ್ನಡಕ ಹಾಕುತ್ತೇನೆ, ಬೈಫೋಕಲ್. (ಓದುಗಿ, ಮಂಗಳೂರು)

ನಿಮ್ಮ ಎತ್ತರದವರಿಗೆ ನಿಂತಾಗ ಮೊಣಕೈ ಬರುವುದು, ಚಪ್ಪಲಿ ಸೇರಿಸಿ, ನೆಲದಿಂದ ಹೆಚ್ಚುಕಮ್ಮಿ 96 ಸೆಂಟಿಮೀಟರ್. ಪಕ್ಕದ ಸೀಟಿನ ಆರಡಿ ಮನುಷ್ಯನದ್ದು 115ರ ಹತ್ತಿರ ಇರುತ್ತದೆ. ನಿಮ್ಮ ಮೇಜು ಈಗ ಯಾವ ಅಂಕಿ ತೋರಿಸುತ್ತಿದೆ ನೋಡಿ. 105 ಅಂತಿದ್ದರೆ ನೀವು ಇಡೀ ಹೊತ್ತು ಭುಜ ಎತ್ತಿಕೊಂಡೇ ಟೈಪ್ ಮಾಡುತ್ತಿದ್ದೀರಿ. ನೋವು ಬರದೆ ಇನ್ನೇನು?

ಕೂತಾಗಿನ ತೊಂದರೆ ಇದಕ್ಕಿಂತ ದೊಡ್ಡದು, ಅದನ್ನು ಯಾರೂ ಗಮನಿಸುವುದಿಲ್ಲ. ಪಾದ ನೆಲಕ್ಕೆ ಊರಿ ಕೂತರೆ ನಿಮಗೆ ಬೇಕಾಗುವ ಮೇಜಿನ ಎತ್ತರ 61-62 ಸೆಂಟಿಮೀಟರ್. ಸಾಮಾನ್ಯ ಆಫೀಸ್ ಮೇಜು ಇರುವುದು 73-75. ಏರಿಳಿಯುವ ಮೇಜಾದರೂ ಎಲ್ಲವೂ ಅಷ್ಟು ಕೆಳಗೆ ಇಳಿಯುವುದಿಲ್ಲ. ಮೇಜಿನ ಕಾಲು ಎರಡು ಭಾಗದ್ದಾದರೆ ಸಾಮಾನ್ಯವಾಗಿ 70ರ ಆಸುಪಾಸಿಗೇ ನಿಂತುಬಿಡುತ್ತದೆ. ಒಂದರೊಳಗೊಂದು ಸೇರುವ ಮೂರು ಭಾಗದ ಕಾಲಿದ್ದರೆ 60-62ರವರೆಗೂ ಇಳಿಯುತ್ತದೆ. ಬೆಲೆ ಸ್ವಲ್ಪ ಜಾಸ್ತಿ. ಆಫೀಸಿಗೆ ಮೇಜು ಕೊಳ್ಳುವವರು ಅದು ಎಷ್ಟು ಏರುತ್ತದೆ ಎಂದು ಕೇಳುತ್ತಾರೆ, ಎಷ್ಟು ಇಳಿಯುತ್ತದೆ ಎಂದು ಕೇಳುವುದಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಜನಕ್ಕೆ ಈ ಮೇಜಿನ ನಿಜವಾದ ಲಾಭ ಇರುವುದೇ ಇಳಿಯುವುದರಲ್ಲಿ.

ನಿಮ್ಮದು 70ಕ್ಕೆ ನಿಲ್ಲುವ ಮೇಜಾದರೆ ಕುರ್ಚಿ ಎತ್ತರಿಸಿಕೊಳ್ಳಿ, ಕಾಲು ಜೋತಾಡಬಾರದು, ಕೆಳಗೆ ಫುಟ್‌ರೆಸ್ಟ್ ಹಾಕಿಸಿಕೊಳ್ಳಿ. ಎಂಟು-ಒಂಬತ್ತು ಸೆಂಟಿಮೀಟರ್ ಎತ್ತರದ್ದು ಬೇಕು. ಎ4 ಪೇಪರಿನ ಕಟ್ಟುಗಳನ್ನು ಜೋಡಿಸಿ ಟೇಪ್ ಸುತ್ತಿದರೂ ನಡೆಯುತ್ತದೆ, ಆದರೆ ಆಫೀಸಿನವರೇ ಕೊಡಬೇಕಾದದ್ದನ್ನು ನೀವ್ಯಾಕೆ ಮಾಡಿಕೊಳ್ಳಬೇಕು? ಕೇಳಿ ಪಡೆಯಿರಿ.

ಬೈಫೋಕಲ್ ಅಂದಿರಿ, ಒಳ್ಳೆಯದಾಯಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಎಂದು ಎಲ್ಲರಿಗೂ ಹೇಳುತ್ತೇವೆ. ನಿಮ್ಮಂಥವರಿಗೆ ಅದು ಸರಿಯಲ್ಲ. ನೀವು ಓದುವುದು ಗಾಜಿನ ಕೆಳಭಾಗದಿಂದ. ಪರದೆ ಎತ್ತರದಲ್ಲಿದ್ದರೆ ಗದ್ದ ಮೇಲೆತ್ತಿ ನೋಡುತ್ತೀರಿ, ಸಂಜೆ ಹೊತ್ತಿಗೆ ಕತ್ತಿನ ಹಿಂಭಾಗ ಕಲ್ಲಾಗಿರುತ್ತದೆ. ಪರದೆಯನ್ನು ಒಂದೈದು ಸೆಂಟಿಮೀಟರ್ ಇಳಿಸಿ, ಸ್ವಲ್ಪ ಹಿಂದಕ್ಕೆ ವಾಲಿಸಿ ನೋಡಿ. ಗದ್ದ ಎತ್ತದೆ ಓದಲು ಬರುವವರೆಗೂ ಇಳಿಸುತ್ತಾ ಹೋಗಿ.

ನಿಂತು ಕೆಲಸ ಮಾಡಿದರೆ ಹೊಟ್ಟೆ ಕರಗುತ್ತಾ? (ಓದುಗ, ತುಮಕೂರು)

ಇಲ್ಲ. ಕೂರುವುದಕ್ಕಿಂತ ನಿಲ್ಲುವುದರಿಂದ ಹೆಚ್ಚಿಗೆ ಖರ್ಚಾಗುವುದು ನಿಮಿಷಕ್ಕೆ 0.15 ಕ್ಯಾಲೊರಿ ಎಂದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2018ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಅಂದರೆ ಗಂಟೆಗೆ ಒಂಬತ್ತು. ದಿನಕ್ಕೆ ಆರು ಗಂಟೆ ನಿಂತರೂ ಒಂದು ಇಡ್ಲಿ ಕರಗಬಹುದು, ಚಟ್ನಿ ಹಾಗೇ ಉಳಿಯುತ್ತದೆ.

ಹುಬ್ಬಳ್ಳಿಯವನು, ಪುಣೆಯಲ್ಲಿ ಕೆಲಸ. ಕೂರುವುದು ಸಿಗರೇಟಿನಷ್ಟೇ ಕೆಟ್ಟದ್ದು ಅಂತ ಎಲ್ಲೋ ಓದಿ ಕುರ್ಚಿಯನ್ನೇ ತೆಗೆಸಿಬಿಟ್ಟೆ. ಬೆಳಿಗ್ಗೆಯಿಂದ ಸಂಜೆವರೆಗೂ ನಿಂತೇ ಇರುತ್ತೇನೆ. ಈಗ ಎರಡು ತಿಂಗಳಿಂದ ಹಿಮ್ಮಡಿ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಜೀವ ಹೋಗುತ್ತದೆ. ಸಂಜೆ ಕಾಲು ಬಾತಿರುತ್ತದೆ. (ಓದುಗ, ಪುಣೆ)

ಮೊದಲು ಕುರ್ಚಿಯನ್ನು ವಾಪಸ್ ತರಿಸಿ. ಈ ಪತ್ರಿಕೆ ಮಡಚಿಟ್ಟು ಈಗಲೇ ತರಿಸಿ.

ಬೆಳಗಿನ ಮೊದಲ ಹೆಜ್ಜೆಯ ನೋವು ಸಾಮಾನ್ಯವಾಗಿ ಅಂಗಾಲಿನ ಪಟ್ಟಿಯ ಉರಿಯೂತ. ಡಾಕ್ಟರು ಪ್ಲಾಂಟರ್ ಫೇಸಿಯೈಟಿಸ್ ಅನ್ನುತ್ತಾರೆ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವವರಿಗೆ ಬರುವ ಮಾಮೂಲು ತೊಂದರೆ. ನಾನು ನಿಮ್ಮ ಕಾಲು ನೋಡಿಲ್ಲ, ಹಾಗಾಗಿ ಅಲ್ಲೇ ಒಬ್ಬ ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ. ಬಾವು ಒಂದೇ ಕಾಲಿನಲ್ಲಿದ್ದು ಮೀನಖಂಡ ನೋಯುತ್ತಿದ್ದರೆ ಇವತ್ತೇ ಹೋಗಿ, ಕಾಯಬೇಡಿ.

ಇಡೀ ದಿನ ನಿಲ್ಲುವುದು ಆರೋಗ್ಯ ಅಂತ ನಿಮಗೆ ಯಾರು ಹೇಳಿದರೋ. ಸಿಡ್ನಿ ವಿಶ್ವವಿದ್ಯಾಲಯದವರು ಬ್ರಿಟನ್ನಿನ 83,000ಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು 2024ರಲ್ಲಿ ಹೇಳಿದ್ದು ಬೇರೆಯೇ. ಜಾಸ್ತಿ ನಿಂತ ಮಾತ್ರಕ್ಕೆ ಹೃದಯದ ಕಾಯಿಲೆ ಕಮ್ಮಿಯಾಗಲಿಲ್ಲ. ನಿಲ್ಲುವುದು ದಿನಕ್ಕೆ ಎರಡು ಗಂಟೆ ದಾಟಿದ ಮೇಲೆ ಕಾಲಿನ ರಕ್ತನಾಳ ಉಬ್ಬುವುದು, ಎದ್ದಾಗ ಬಿಪಿ ಇಳಿಯುವುದು, ಇಂಥ ತೊಂದರೆಗಳು ಏರುತ್ತಾ ಹೋದವು. ಕೆನಡಾದ ಒಂಟಾರಿಯೊದಲ್ಲಿ 7,300 ನೌಕರರನ್ನು 12 ವರ್ಷ ಗಮನಿಸಿದ ಅಧ್ಯಯನ 2017ರಲ್ಲಿ ಬಂತು. ಅದರಲ್ಲಿ, ಹೆಚ್ಚಾಗಿ ನಿಂತೇ ಮಾಡುವ ಕೆಲಸದವರಿಗೆ ಹೃದಯದ ಕಾಯಿಲೆ ಬರುವ ಸಂಭವ, ಕೂತು ಮಾಡುವವರ ಸುಮಾರು ಎರಡು ಪಟ್ಟು ಇತ್ತು. ಕೂರುವುದು ಒಳ್ಳೆಯದು ಅಂತ ಇದರ ಅರ್ಥ ಅಲ್ಲ. ಸಿಡ್ನಿಯವರ ಲೆಕ್ಕದಲ್ಲೇ ಹತ್ತು ಗಂಟೆ ದಾಟಿ ಕೂತವರಿಗೂ ತೊಂದರೆ ಜಾಸ್ತಿ ಇತ್ತು. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದೇ ಮೈಗೆ ಆಗದ್ದು.

ಈ ಮಾತಿಗೆ ಬಸ್ಸಿನ ಕಥೆ ಒಂದಿದೆ, ನಾನು ಎಲ್ಲ ಕ್ಲಾಸಿನಲ್ಲೂ ಹೇಳುತ್ತೇನೆ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್, ಕಂಡಕ್ಟರ್‌ಗಳನ್ನು ಜೆರ್ರಿ ಮಾರಿಸ್ ಎಂಬ ಡಾಕ್ಟರು ಹೋಲಿಸಿ ನೋಡಿ 1953ರಲ್ಲಿ ಬರೆದರು. ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಮ್ಮಿ ಇತ್ತು. ಕ್ಲಾಸಿನಲ್ಲಿ ಇಷ್ಟು ಹೇಳಿದ ಕೂಡಲೇ ಯಾರಾದರೂ "ನೋಡಿ, ಅವರು ನಿಂತೇ ಇರ್ತಾರಲ್ಲ" ಅನ್ನುತ್ತಾರೆ. ಅವರು ನಿಂತಿರಲಿಲ್ಲ ಮಾರಾಯ್ರೇ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಹರಿಯುತ್ತಿದ್ದರು. ನಮ್ಮ ಮೆಜೆಸ್ಟಿಕ್ ಬಸ್ಸಿನಲ್ಲಿ ಸಂಜೆ ಆರಕ್ಕೆ ಕಂಡಕ್ಟರ್ ಹಿಂದಿನಿಂದ ಮುಂದಕ್ಕೆ ಬರುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ನೋವು ಇಳಿದ ಮೇಲೆ ಮತ್ತೆ ಶುರುಮಾಡುವಾಗ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಲನ್ ಹೆಜ್ ಹೇಳಿದ ಲೆಕ್ಕ ಇಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ 20 ನಿಮಿಷ ಕೂರುವುದು, 8 ನಿಮಿಷ ನಿಲ್ಲುವುದು, 2 ನಿಮಿಷ ಓಡಾಡುವುದು. ಗಡಿಯಾರ ಹಿಡಿದು ಮಾಡಬೇಕಿಲ್ಲ, ಅಂದಾಜು ಸಾಕು. ನಿಂತಾಗ ಮಂಡಿಯನ್ನು ಹಿಂದಕ್ಕೆ ಸೆಟೆದು ಲಾಕ್ ಮಾಡಬೇಡಿ. ಮುಂಗೈ ಮೇಜಿಗೆ ಊರಿ ಭಾರ ಬಿಡಬೇಡಿ, ಹಾಗೆ ಊರಬೇಕು ಅನಿಸಿತು ಅಂದರೆ ಕೂರುವ ಹೊತ್ತಾಯಿತು ಅಂತ. ಒಂದು ಗೇಣಿಗಿಂತ ಕಮ್ಮಿ ಎತ್ತರದ ಗಟ್ಟಿ ಡಬ್ಬ ಕೆಳಗಿಟ್ಟು ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಅದರ ಮೇಲಿಡಿ, ಸೊಂಟಕ್ಕೆ ತಕ್ಷಣ ಹಿತ ಅನಿಸುತ್ತದೆ. ನೆಲ ಟೈಲ್ಸ್ ಅಥವಾ ಗ್ರಾನೈಟ್ ಆಗಿದ್ದರೆ ದಪ್ಪ ರಬ್ಬರ್ ಮ್ಯಾಟ್ ಹಾಕಿಕೊಳ್ಳಿ. ತೆಳು ಅಟ್ಟೆಯ ಫಾರ್ಮಲ್ ಶೂಸ್ ನಿಲ್ಲುವುದಕ್ಕೆ ಬರುವುದಿಲ್ಲ.

52 ವರ್ಷ, ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಬ್ಯಾಂಕಿನಲ್ಲಿ ಕೆಲಸ. ನಮ್ಮ ಶಾಖೆಗೆ ಹೊಸ ಕುರ್ಚಿ ಬರುವುದೇ ಕಷ್ಟ, ಇಂಥ ಮೇಜು ಈ ಜನ್ಮದಲ್ಲಿ ಬರುವುದಿಲ್ಲ. ನಮ್ಮಂಥವರಿಗೆ ಏನಾದರೂ ಹೇಳಿ. (ಓದುಗ, ದಾವಣಗೆರೆ)

ನಿಮಗೆ ಆ ಮೇಜು ಬರದಿದ್ದರೂ ಚಿಂತೆಯಿಲ್ಲ. ಊಟದ ನಂತರದ ಶುಗರ್‌ಗೆ ಸುಮ್ನೆ ನಿಲ್ಲುವುದಕ್ಕಿಂತ ಎರಡು ನಿಮಿಷ ನಡೆಯುವುದು ಮೇಲು. ಮೆಲ್ಬರ್ನ್‌ನ ಬೇಕರ್ ಸಂಸ್ಥೆಯವರು 2012ರಲ್ಲಿ, ಸುಮ್ನೆ ಕೂರುವುದಕ್ಕೂ ನಡುನಡುವೆ ನಡೆಯುವುದಕ್ಕೂ ಏನು ವ್ಯತ್ಯಾಸ ಎಂದು ಪರೀಕ್ಷಿಸಿ ಬರೆದಿದ್ದಾರೆ. ತೂಕ ಜಾಸ್ತಿ ಇದ್ದ 19 ಜನಕ್ಕೆ ಸಿಹಿ ಪಾನೀಯ ಕೊಟ್ಟು, ಒಂದು ದಿನ ಐದು ಗಂಟೆ ಕೂರಿಸಿದರು. ಇನ್ನೊಂದು ದಿನ ಪ್ರತಿ 20 ನಿಮಿಷಕ್ಕೆ 2 ನಿಮಿಷ ನಿಧಾನವಾಗಿ ನಡೆಸಿದರು. ನಡೆದ ದಿನ ಸಕ್ಕರೆ ಅಂಶ ಸುಮಾರು ಕಾಲುಭಾಗದಷ್ಟು ಕಮ್ಮಿ ಏರಿತು. ಅವರಿಗೆ ಶುಗರ್ ಕಾಯಿಲೆ ಇರಲಿಲ್ಲ, ನಿಮಗೆ ಇದೆ. ಹಾಗಾಗಿ ಮಾತ್ರೆ ಬಿಡುವ ಯೋಚನೆ ಬೇಡ, ಡಾಕ್ಟರಿಗೆ ಹೇಳಿಯೇ ಶುರುಮಾಡಿ.

ಕೌಂಟರಿನಲ್ಲಿದ್ದರೆ 20 ನಿಮಿಷಕ್ಕೊಮ್ಮೆ ಏಳುವುದು ಆಗದ ಮಾತು, ಗೊತ್ತು. ಜನ ಬಿಡುವುದಿಲ್ಲ. ಊಟ ಮುಗಿದ ಮೇಲಿನ ಎರಡು ಗಂಟೆಯನ್ನಾದರೂ ಹಿಡಿದುಕೊಳ್ಳಿ. ಲೀಟರ್ ಬಾಟಲಿ ಮೇಜಿನ ಮೇಲಿಟ್ಟುಕೊಳ್ಳುವ ಬದಲು ಸಣ್ಣ ಲೋಟ ಇಟ್ಟುಕೊಳ್ಳಿ, ತುಂಬಿಸಲು ನೀವೇ ಹೋಗಿ. ವೋಚರ್ ಕಟ್ಟನ್ನು ಅಟೆಂಡರ್ ಕೈಲಿ ಕಳಿಸದೆ ನೀವೇ ಎತ್ತಿಕೊಂಡು ಹೋಗಿ. ಫೋನ್ ಬಂದರೆ ನಡೆಯುತ್ತಾ ಮಾತಾಡಿ.

ನಿಂತು ಮಾಡಬೇಕೆಂಬ ಆಸೆಯಿದ್ದರೆ ಶಾಖೆಯಲ್ಲೇ ಜಾಗ ಇರುತ್ತದೆ. ಮೂರು ಡ್ರಾಯರಿನ ಕಬ್ಬಿಣದ ಫೈಲ್ ಕ್ಯಾಬಿನೆಟ್ ಇದೆಯಲ್ಲ, ಅದು ಸುಮಾರು ಒಂದು ಮೀಟರ್ ಎತ್ತರ. ಮಧ್ಯಮ ಎತ್ತರದವರಿಗೆ ನಿಂತು ಸಹಿ ಹಾಕಲು, ಫಾರ್ಮು ತಾಳೆ ನೋಡಲು ಸರಿಯಾದ ಅಳತೆ. ಮೇಲಿರುವ ಧೂಳು ಹಿಡಿದ ಫೈಲುಗಳನ್ನು ತೆಗೆಸಿದರೆ ಆಯಿತು. ಅದನ್ನು ತೆಗೆಸುವುದೇ ದೊಡ್ಡ ಕೆಲಸ ಅನ್ನುತ್ತೀರಾ, ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಮೇಡಂ, ನೀವು ಕೂತವರನ್ನು ನಿಲ್ಲಿಸುವ ಮಾತಾಡುತ್ತೀರಿ. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೂ ನಿಂತೇ ಇರಬೇಕು. ಗಿರಾಕಿ ಇಲ್ಲದಾಗ ಕೂತರೂ ಬೈಯುತ್ತಾರೆ. ನಮಗೆ ಯಾರು ಹೇಳಿಕೊಡುತ್ತಾರೆ? (ಓದುಗಿ, ಬೆಂಗಳೂರು)

ಈ ತಿಂಗಳ ಪತ್ರಗಳಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ನಿಮ್ಮದು. ಒಂದು ಕಡೆ ಸಾವಿರಾರು ರೂಪಾಯಿಯ ಮೇಜು ಕೊಟ್ಟು ನಿಲ್ಲಿ ಅನ್ನುತ್ತಾರೆ, ಇನ್ನೊಂದು ಕಡೆ ಇನ್ನೂರು ರೂಪಾಯಿಯ ಸ್ಟೂಲ್ ಕೊಡುವುದಿಲ್ಲ.

ಇದಕ್ಕಾಗಿ ಹೋರಾಡಿ ಗೆದ್ದವರಿದ್ದಾರೆ. ಕೇರಳದಲ್ಲಿ ಅಂಗಡಿಗಳ ಹೆಣ್ಣುಮಕ್ಕಳು, ಅದರಲ್ಲೂ ಕೋಝಿಕ್ಕೋಡಿನ ಕಡೆಯವರು, ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಬೀದಿಗಿಳಿದರು. 2018ರಲ್ಲಿ ಅಲ್ಲಿನ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೇ ತಿದ್ದುಪಡಿ ತಂದು, ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಎಂದಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ನಿಮ್ಮ ಮಾಲೀಕರ ಹತ್ತಿರ ಮಾತಾಡುವಾಗ ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಎಲ್ಲರಿಗೂ ಕುರ್ಚಿ ಕೇಳುವ ಬದಲು ಪ್ರತಿ ಕೌಂಟರಿಗೆ ಎರಡು ಎತ್ತರದ ಸ್ಟೂಲ್ ಕೇಳಿ, ಸರದಿ ಮೇಲೆ ಕೂರುತ್ತೇವೆ ಅನ್ನಿ. ಎತ್ತರದ ಸ್ಟೂಲ್ ಮೇಲಿಂದ ಗಿರಾಕಿ ಬಂದ ಕೂಡಲೇ ಇಳಿಯಬಹುದು, ಮಾಲೀಕರ ಕಣ್ಣಿಗೆ ಕೂತ ಹಾಗೂ ಕಾಣುವುದಿಲ್ಲ.

ಅಲ್ಲಿಯವರೆಗೆ ಕೌಂಟರಿನ ಕೆಳಗೆ ಒಂದು ಮಣೆ ಇಟ್ಟು ಕಾಲು ಬದಲಿಸುತ್ತಿರಿ. ಹಿಮ್ಮಡಿ ಎತ್ತಿ ಇಳಿಸುವುದನ್ನು ಹತ್ತಿಪ್ಪತ್ತು ಸಲ ಮಾಡಿ, ಯಾರಿಗೂ ಕಾಣುವುದಿಲ್ಲ. ಕಾಲಿನಲ್ಲಿ ನೀಲಿ ನರ ಉಬ್ಬಲು ಶುರುವಾಗಿದ್ದರೆ ಒತ್ತಿ ಹಿಡಿಯುವ ಉದ್ದ ಕಾಲುಚೀಲ ಬರುತ್ತದೆ, ಡಾಕ್ಟರಿಗೆ ತೋರಿಸಿ ಅಳತೆ ಪ್ರಕಾರ ತೆಗೆದುಕೊಳ್ಳಿ. ಮೆಡಿಕಲ್ ಸ್ಟೋರಿನಲ್ಲಿ ಅಂದಾಜಿಗೆ ಕೊಳ್ಳಬೇಡಿ. ರಾತ್ರಿ ಮನೆಗೆ ಹೋದ ಮೇಲೆ ಹತ್ತು ನಿಮಿಷ ಮಲಗಿ ಕಾಲನ್ನು ಗೋಡೆಗೆ ಒರಗಿಸಿ ಮೇಲಿಡಿ. ಅಡುಗೆ ಆಮೇಲೆ ಆಗಲಿ.

ಮನೆಯಿಂದಲೇ ಕೆಲಸ. ಸ್ವಂತಕ್ಕೆ ಒಂದು ಸ್ಟ್ಯಾಂಡಿಂಗ್ ಡೆಸ್ಕ್ ಕೊಳ್ಳೋಣ ಅಂತಿದ್ದೇನೆ. ಏನು ನೋಡಿಕೊಳ್ಳಬೇಕು? (ಓದುಗ, ಶಿವಮೊಗ್ಗ)

ಕೊಳ್ಳುವ ಮುಂಚೆ ಒಂದು ವಾರ ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಕೆಲಸ ಮಾಡಿ. ಕಟ್ಟೆ ನಿಮಗೆ ತಗ್ಗಾದರೆ ಕೆಳಗೆ ದಪ್ಪ ಪುಸ್ತಕ ಇಡಿ. ಅಷ್ಟನ್ನೇ ಮಾಡಲು ಬೇಜಾರಾದರೆ ದುಡ್ಡು ಉಳಿಯಿತು ಅಂದುಕೊಳ್ಳಿ.

ಕೊಳ್ಳುವುದೇ ಆದರೆ ಅತಿ ಕಮ್ಮಿ ಎತ್ತರ ಎಷ್ಟು ಅಂತ ಮೊದಲು ಕೇಳಿ. ಮನೆಯಲ್ಲಿ ಹೆಂಡತಿ, ಮಕ್ಕಳೂ ಅದೇ ಮೇಜಿಗೆ ಬರುತ್ತಾರೆ. ಪೂರ್ತಿ ಎತ್ತರಿಸಿ ಜೋರಾಗಿ ಟೈಪ್ ಮಾಡಿ, ಪರದೆ ನಡುಗಿದರೆ ಬೇಡ. ಲ್ಯಾಪ್‌ಟಾಪ್ ಒಂದನ್ನೇ ಇಟ್ಟುಕೊಂಡರೆ ಕೈ ಸರಿಹೋದಾಗ ಕತ್ತು ಬಾಗುತ್ತದೆ, ಕತ್ತು ಸರಿಹೋದಾಗ ಕೈ ಏರುತ್ತದೆ. ಹಾಗಾಗಿ ಬೇರೆ ಕೀಬೋರ್ಡ್, ಮೌಸ್, ಲ್ಯಾಪ್‌ಟಾಪ್ ಏರಿಸಲು ಒಂದು ಸ್ಟ್ಯಾಂಡ್ ಇವುಗಳ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೋಗುವುದು ನಿಮಗೇ ಗೊತ್ತಲ್ಲ, ಮೇಜು ಮೇಲಿದ್ದಾಗ ಹೋದರೆ ಅಲ್ಲೇ ನಿಂತಿರುತ್ತದೆ. ಯುಪಿಎಸ್ ಇಲ್ಲದ ಮನೆಯಾದರೆ ಕೈಯಲ್ಲಿ ತಿರುಗಿಸುವ ಹಿಡಿಕೆ ಇರುವ ಮೇಜೂ ಸಿಗುತ್ತದೆ, ಅದನ್ನೂ ಒಂದು ಸಲ ನೋಡಿ.